ಅಳಿಸಿದ ಮೆಸೇಜು ಎಲ್ಲಿ ಹೋಗುತ್ತದೆ?

(ನಮ್ಮ ವಾಚನಾಲಯದ ತಿಂಗಳ ಕೂಟದಲ್ಲಿ ಮಾಡಿದ ಭಾಷಣ)



ಈ ಕೂಟದಲ್ಲಿ ಸಾಹಿತ್ಯದ ಮಾತು ನಡೆಯುವುದು ವಾಡಿಕೆ. ಈ ತಿಂಗಳು ಮೊಬೈಲು ಫೋನಿನ ಮಾತೆಂದು ಫಲಕದ ಮೇಲೆ ಬರೆದದ್ದನ್ನು ಕಂಡು ಸದಸ್ಯರೊಬ್ಬರು, "ವಾಚನಾಲಯದೊಳಗೂ ಅದೇ ಪೀಡೆಯೇ?" ಎಂದು ಕೇಳಿದರಂತೆ. ಪೀಡೆಯೆಂದರೆ ಪೀಡೆಯೇ ಸರಿ. ಆದರೆ ಕಾಗದ ಬರೆಯುವುದನ್ನು ನಾವೆಲ್ಲ ಬಿಟ್ಟು ಎಷ್ಟು ವರ್ಷಗಳಾದವು, ನೀವೇ ಎಣಿಸಿ ನೋಡಿ. ಊರಿನಿಂದ ಬರುತ್ತಿದ್ದ ಇನ್‌ಲ್ಯಾಂಡ್ ಪತ್ರ ಅಪರೂಪವಾಯಿತು. ತಂತಿಯ ಸೇವೆಯಂತೂ 2013ರ ಜುಲೈಯಲ್ಲಿ ನಿಂತೇಹೋಯಿತು. ಮುಂಬಯಿಗೆ ಬಂದು ನೆಲೆಸಿದ ನಮ್ಮ ಹಿರಿಯರ ಟ್ರಂಕುಗಳಲ್ಲಿ ಊರಿನ ಕಾಗದದ ಕಟ್ಟುಗಳು ಇರುತ್ತಿದ್ದವು. ನಮ್ಮ ಟ್ರಂಕುಗಳಲ್ಲಿ ಅವಿಲ್ಲ. ನಮ್ಮ ಮನೆಗಳ ಪತ್ರವ್ಯವಹಾರವೆಂದು ಈಗ ಏನಾದರೂ ಉಳಿದಿದ್ದರೆ ಅದು ಅಂಗೈಯಗಲದ ಗಾಜಿನ ಹಿಂದೆ ಇದೆ. ಅದನ್ನು ಕಳೆದುಕೊಳ್ಳುವುದು ಎಷ್ಟು ಸುಲಭ, ಮರಳಿ ಪಡೆಯುವುದು ಎಷ್ಟು ಮಟ್ಟಿಗೆ ಸಾಧ್ಯ ಎಂಬುದು ಇಂದಿನ ವಿಷಯ.

ಈ ಮಾತಿಗೆ ಕಾರಣವಾದ ಸಂಗತಿಯನ್ನು ಮೊದಲು ಹೇಳಿಬಿಡುತ್ತೇವೆ. ನಮ್ಮಲ್ಲಿ ಒಬ್ಬ ಹಿರಿಯ ಸದಸ್ಯರಿದ್ದಾರೆ. ಹೆಸರು ಬೇಡ, ಈ ಸಭೆಯಲ್ಲೇ ಕುಳಿತಿದ್ದಾರೆ, ಹೇಳಲು ಒಪ್ಪಿಗೆ ಕೊಟ್ಟವರೂ ಅವರೇ. ಅವರ ಪತ್ನಿ 2021ರಲ್ಲಿ ತೀರಿಕೊಂಡರು. ಆ ತಾಯಿ ವಾಟ್ಸಾಪಿಗೆ ಒಗ್ಗಿದವರಲ್ಲ. ಗಂಡ ಸಂಜೆ ಫೋರ್ಟಿನ ಆಫೀಸು ಬಿಟ್ಟು ಲೋಕಲ್ ಗಾಡಿ ಹಿಡಿಯುವ ಹೊತ್ತಿಗೆ ಸರಿಯಾಗಿ ಒಂದು ಸಾದಾ ಮೆಸೇಜು ಕಳಿಸುತ್ತಿದ್ದರು. ಇಂಗ್ಲಿಷ್ ಅಕ್ಷರ, ಕನ್ನಡ ಮಾತು. "ಬರುವಾಗ ಹಾಲು." "ಕೊಡೆ ಬಿಟ್ಟು ಹೋಗಿದ್ದೀರಿ, ಸ್ಟೇಷನ್ನಿನಲ್ಲೇ ನಿಲ್ಲಿ, ನಾನು ತರುತ್ತೇನೆ." "ಅಕ್ಕ ಬಂದಿದ್ದಾಳೆ, ಬೇಗ ಬನ್ನಿ." ಇಷ್ಟೇ. ಇದರಲ್ಲಿ ಕಾವ್ಯವೇನೂ ಇಲ್ಲ. ಆದರೂ ಅವರು ಹೋದ ಮೇಲೆ ನಮ್ಮ ಹಿರಿಯರು ರಾತ್ರಿ ಊಟವಾದ ಬಳಿಕ ಅವನ್ನು ಓದುತ್ತಿದ್ದರು. ಮೂರು ವರ್ಷಕ್ಕೂ ಮೇಲ್ಪಟ್ಟು ಹೀಗೆ ನಡೆದಿತ್ತು.

ಹೋದ ಆಷಾಢದಲ್ಲಿ ಅವರ ಫೋನು "ಜಾಗ ತುಂಬಿದೆ" ಎಂದು ದಿನಕ್ಕೊಮ್ಮೆ ಹೇಳತೊಡಗಿತು. ಒಂದು ಭಾನುವಾರ ಕನ್ನಡಕ ಹಾಕಿಕೊಂಡು ಮೆಸೇಜುಗಳನ್ನು ತೆಗೆಯಲು ಕುಳಿತರು. ಬ್ಯಾಂಕಿನದು, ಸಾಲ ಕೊಡುತ್ತೇವೆಂಬವರದು, ಸೀರೆಯಂಗಡಿಯ ರಿಯಾಯಿತಿಯದು—ಒಂದೊಂದಕ್ಕೆ ಬೆರಳು ಒತ್ತಿ ಗುರುತು ಹಾಕುತ್ತ ಹೋದರು. ನಡುವೆ ಒಂದು ಗುರುತು ತಪ್ಪಿ ಬಿತ್ತು. ಕಸದ ಬುಟ್ಟಿಯ ಚಿತ್ರ ಒತ್ತಿದರು, "ಅಳಿಸಲೇ?" ಎಂದಿತು, "ಹೌದು" ಎಂದರು. ಹಾಲು, ಕೊಡೆ, ಅಕ್ಕ, ಎಲ್ಲವೂ ಹೋಯಿತು.

ಇಲ್ಲಿ ಒಂದು ಮಾತು. ಜಾಗ ತುಂಬುವುದು ಮೆಸೇಜಿನಿಂದಲ್ಲ. ಒಂದು ಸಾದಾ ಮೆಸೇಜಿನ ಒಡಲು 140 ಬೈಟು ಮಾತ್ರ. ಒಂದು ಫೋಟೋ ಹಿಡಿಯುವ ಜಾಗದಲ್ಲಿ ಅಂಥವು ಸಾವಿರಾರು ಹಿಡಿಸುತ್ತವೆ. ತುಂಬುವುದೆಲ್ಲ ಬೆಳಗಾಗೆದ್ದು ಬರುವ ಶುಭೋದಯದ ವಿಡಿಯೋಗಳಿಂದ. ಅವನ್ನು ತೆಗೆಯಿರಿ, ಯಾರಿಗೂ ನಷ್ಟವಿಲ್ಲ.

ನಮ್ಮ ಹಿರಿಯರು ಮರುದಿನ ಸಂಜೆ ವಾಚನಾಲಯಕ್ಕೆ ಬಂದರು. ಪತ್ರಿಕೆ ತೆಗೆಯಲಿಲ್ಲ, ಸುಮ್ಮನೆ ಕುಳಿತಿದ್ದರು. ವಿಷಯ ಕೇಳಿ ತಿಳಿದ ಮೇಲೆ ನಾವು ಏನು ಹೇಳಿದೆವು? "ಗಾಬರಿ ಮಾಡಿಕೊಳ್ಳಬೇಡಿ, ರಿಪೇರಿ ಅಂಗಡಿಗೆ ಕೊಡಿ, ಅವರು ತೆಗೆದುಕೊಡುತ್ತಾರೆ" ಎಂದೆವು. ಧೈರ್ಯ ಹೇಳಿದೆವೆಂಬ ಸಮಾಧಾನವೂ ನಮಗಾಯಿತು. ಆ ಸಲಹೆ ತಪ್ಪಾಗಿತ್ತು. ಅದು ಹೇಗೆ ತಪ್ಪೆಂದು ತಿಳಿಯಬೇಕಾದರೆ ಅಳಿಸುವುದೆಂದರೆ ಏನೆಂಬುದನ್ನು ತಿಳಿಯಬೇಕು.

ನಮ್ಮ ವಾಚನಾಲಯವನ್ನೇ ನೋಡಿ. ಬಾಗಿಲ ಬಳಿ ರಿಜಿಸ್ಟರು ಇದೆ, ಒಳಗೆ ಕಪಾಟುಗಳಿವೆ. ಒಂದು ಪುಸ್ತಕವನ್ನು ತೆಗೆದುಹಾಕಬೇಕೆಂದು ಸಮಿತಿಯು ಗೊತ್ತು ಮಾಡಿದರೆ ಗುಮಾಸ್ತರು ಮೊದಲು ಮಾಡುವುದು ರಿಜಿಸ್ಟರಿನಲ್ಲಿ ಅದರ ಸಾಲಿಗೆ ಗೆರೆ ಎಳೆಯುವುದು. ಪುಸ್ತಕ ಕಪಾಟಿನಲ್ಲೇ ಇರುತ್ತದೆ. ಕೇಳಿದವರಿಗೆ "ಇಲ್ಲ" ಎಂಬ ಉತ್ತರ. ಕೆಲವು ದಿನಗಳ ಮೇಲೆ ಹೊಸ ಪುಸ್ತಕಗಳು ಬಂದಾಗ, ಲೆಕ್ಕದಲ್ಲಿಲ್ಲದ ಪುಸ್ತಕವನ್ನು ಸರಿಸಿ ಆ ಜಾಗಕ್ಕೆ ಹೊಸದನ್ನು ಇಡುತ್ತಾರೆ. ನಿಜವಾಗಿ ಪುಸ್ತಕ ಹೋಗುವುದು ಆಗಲೇ. ಗೆರೆ ಎಳೆದ ದಿನಕ್ಕೂ ಜಾಗ ತುಂಬಿದ ದಿನಕ್ಕೂ ನಡುವೆ ಇರುವ ಅವಧಿಯಲ್ಲಿ, ಕಪಾಟಿನ ಹತ್ತಿರ ಹೋಗಿ ಹುಡುಕಿದವನಿಗೆ ಪುಸ್ತಕ ಸಿಕ್ಕೇ ಸಿಗುತ್ತದೆ.

ಫೋನಿನಲ್ಲಿಯೂ ಬಹುಮಟ್ಟಿಗೆ ಹೀಗೆಯೇ. ಹಿಂದಿನ ಕೀಪ್ಯಾಡ್ ಫೋನುಗಳಲ್ಲಿ ಮೆಸೇಜುಗಳನ್ನು ಸಿಮ್ ಕಾರ್ಡಿನಲ್ಲೇ ಇಡಲು ಬರುತ್ತಿತ್ತು. ಅಲ್ಲಿ ಒಂದೊಂದು ಮೆಸೇಜಿಗೆ 176 ಬೈಟಿನ ಒಂದೊಂದು ಗೂಡು. ಗೂಡಿನ ಮೊದಲ ಬೈಟು ಬಾಗಿಲ ಮೇಲಿನ ಚೀಟಿಯಿದ್ದಂತೆ: ಒಳಗಿರುವುದು ಓದಿದ್ದೋ, ಓದದ್ದೋ, ಕಳಿಸಿದ್ದೋ ಎಂದು ಹೇಳುತ್ತದೆ. ಅಳಿಸಿದರೆ ಎಷ್ಟೋ ಫೋನುಗಳು ಆ ಚೀಟಿಯೊಂದನ್ನೇ ಸೊನ್ನೆ ಮಾಡುತ್ತಿದ್ದವು. ಒಳಗಿನ ಮಾತು ಹಾಗೆಯೇ ಕುಳಿತಿರುತ್ತಿತ್ತು. ಪೊಲೀಸರ ಪ್ರಯೋಗಾಲಯಗಳು ಹಳೆಯ ಸಿಮ್ಮುಗಳಿಂದ ಅಳಿಸಿದ ಮೆಸೇಜು ತೆಗೆದವೆಂದು ಓದುತ್ತಿದ್ದೆವಲ್ಲ, ಅದರ ಗುಟ್ಟು ಇಷ್ಟೇ. ಆ ಕಥೆಗಳನ್ನು ಕೇಳಿದ ನಮಗೆ ಎಲ್ಲ ಫೋನಿನಿಂದಲೂ ಎಲ್ಲವನ್ನೂ ತೆಗೆಯಬಹುದೆಂಬ ನಂಬಿಕೆ ಬೆಳೆದುಬಿಟ್ಟಿತು.

ಸ್ಮಾರ್ಟ್‌ಫೋನಿನಲ್ಲಿ ಮೆಸೇಜುಗಳೆಲ್ಲ ಸೇರಿ ಎಸ್‌ಕ್ಯುಎಲ್‌ಐಟ್ ಎಂಬ ಬಗೆಯ ಒಂದೇ ದಫ್ತರದಲ್ಲಿ ಇರುತ್ತವೆ. ಸಾಲು ಅಳಿಸಿದರೆ ಅದು ಕುಳಿತ ಜಾಗವನ್ನು "ಖಾಲಿ" ಎಂದು ಬರೆದುಕೊಳ್ಳುವುದೇ ಆ ದಫ್ತರದ ಸಾಮಾನ್ಯ ಪದ್ಧತಿ. ಇಲ್ಲಿಯವರೆಗೆ ಕಥೆ ಹಳೆಯದೇ. ಆದರೆ ಈಚಿನ ಫೋನುಗಳಲ್ಲಿ ಎರಡು ಹೊಸ ವ್ಯವಸ್ಥೆಗಳು ಬಂದಿವೆ. ಒಂದನೆಯದು, ಫೋನು ತನ್ನ ಬಿಡುವಿನ ವೇಳೆಯಲ್ಲಿ ಲೆಕ್ಕದಿಂದ ಬಿಟ್ಟುಹೋದ ಜಾಗಗಳನ್ನು ತಾನಾಗಿ ಗುಡಿಸಿ ಒರೆಸಿಬಿಡುತ್ತದೆ. ರಾತ್ರಿ ಕಾವಲುಗಾರನು ರಿಜಿಸ್ಟರಿನಲ್ಲಿಲ್ಲದ ಪುಸ್ತಕಗಳನ್ನೆಲ್ಲ ರದ್ದಿಯವನಿಗೆ ಹಾಕಿದಂತೆ. ಎರಡನೆಯದು ಇನ್ನೂ ಬಲವಾದದ್ದು. ಫೋನಿನೊಳಗೆ ಎಲ್ಲವನ್ನೂ ಗುಪ್ತಲಿಪಿಯಲ್ಲಿ ಬರೆಯಲಾಗುತ್ತದೆ. ಆಂಡ್ರಾಯ್ಡಿನ 10ನೆಯ ಆವೃತ್ತಿಯೊಡನೆ, 2019ರಿಂದ ಈಚೆಗೆ ಬಂದ ಹೊಸ ಫೋನುಗಳಿಗೆಲ್ಲ ಇದು ಕಡ್ಡಾಯ. ಲಿಪಿ ಬಿಡಿಸುವ ಕೀಲಿಯು ಫೋನಿನೊಳಗೇ, ನಮ್ಮ ಲಾಕ್ ಸಂಖ್ಯೆಗೆ ಕಟ್ಟಿಹಾಕಿಕೊಂಡು ಇರುತ್ತದೆ. ಹೊರಗಿನಿಂದ ಚಿಪ್ಪನ್ನು ಕಿತ್ತು ಓದಿದರೂ ಸಿಗುವುದು ಅರ್ಥವಿಲ್ಲದ ಗೀಚು. ಕಳ್ಳನಿಂದ ನಮ್ಮನ್ನು ಕಾಪಾಡಲು ಮಾಡಿದ ಏರ್ಪಾಟು ಇದು, ಒಳ್ಳೆಯದೇ. ಆದರೆ ಬಾಗಿಲು ಕಳ್ಳನಿಗೆ ಮುಚ್ಚಿದರೆ ಬೀಗ ಕಳೆದುಕೊಂಡ ಯಜಮಾನನಿಗೂ ಮುಚ್ಚುತ್ತದೆ.

ಹಾಗಾದರೆ ಅಂಗಡಿಯವರು ಏನು ಮಾಡುತ್ತಾರೆ? ನಮ್ಮ ಹಿರಿಯರ ಫೋನನ್ನು ಎರಡು ದಿನ ಇಟ್ಟುಕೊಂಡರು. ಮರಳಿಸುವ ತಂತ್ರಾಂಶಗಳೆಂದು ಹೆಸರಿರುವ ಎರಡು ಆ್ಯಪುಗಳನ್ನು ಅದರೊಳಗೆ ಹಾಕಿದರು. ಕಪಾಟಿನಲ್ಲಿ ಕಳೆದ ಪುಸ್ತಕ ಹುಡುಕಲು ಹೋದವರು ಕಪಾಟಿನ ತುಂಬ ತಮ್ಮ ಗಂಟುಮೂಟೆ ಇಟ್ಟಂತಾಯಿತು ಅದು! ಆ್ಯಪುಗಳು ಹಳೆಯ ಫೋಟೋ ಕೆಲವನ್ನು ತೋರಿಸಿದವು. ಮೆಸೇಜು ಒಂದೂ ಇಲ್ಲ. ಬಳಿಕ ಅಂಗಡಿಯ ಹುಡುಗ, "ರೂಟ್ ಮಾಡಿದರೆ ಸಿಗಬಹುದು, 3,000 ರೂಪಾಯಿ ಆಗುತ್ತದೆ" ಎಂದನಂತೆ. ರೂಟ್ ಎಂದರೆ ಫೋನಿನ ಒಳಕೋಣೆಯ ಅಧಿಕಾರವನ್ನು ಪಡೆಯುವುದು. ಅದಕ್ಕಾಗಿ ಕಂಪನಿ ಹಾಕಿದ ಬೀಗವನ್ನು ತೆರೆಯಬೇಕು. ಸಾಮಾನ್ಯವಾಗಿ ಆ ಬೀಗ ತೆರೆದ ಕ್ಷಣವೇ ಫೋನು ತನ್ನಲ್ಲಿದ್ದುದನ್ನೆಲ್ಲ ತಾನೇ ಅಳಿಸಿಕೊಳ್ಳುತ್ತದೆ. ಕಳೆದ ನಾಣ್ಯ ಹುಡುಕಲು ಮನೆಗೆ ಬೆಂಕಿ ಹಚ್ಚಿದಂತೆ. ದೇವರ ದಯೆಯಿಂದ ಹಿರಿಯರು ದುಡ್ಡು ತರುತ್ತೇನೆಂದು ಹೇಳಿ ಫೋನು ಹಿಂದಕ್ಕೆ ತೆಗೆದುಕೊಂಡರು.

ಆದರೆ ನಿಜವಾದ ಅನಾಹುತ ಆ ಎರಡು ದಿನಗಳಲ್ಲಿ ಬೇರೆ ರೀತಿಯಲ್ಲಿ ಆಗಿಹೋಗಿತ್ತು. ಅದು ನಮಗೆ ಗೊತ್ತಾದದ್ದು ನಾಲ್ಕನೆಯ ದಿನ.

ಆಂಡ್ರಾಯ್ಡ್ ಫೋನಿನಲ್ಲಿ ಬ್ಯಾಕಪ್ ಎಂಬುದೊಂದಿದೆ. ನಮ್ಮ ಗೂಗಲ್ ಖಾತೆಯಲ್ಲಿ ಫೋನಿನ ನಕಲನ್ನು ಇಟ್ಟುಕೊಳ್ಳುವ ಏರ್ಪಾಟು. ಸಾದಾ ಮೆಸೇಜುಗಳೂ ಅದರಲ್ಲಿ ಸೇರುತ್ತವೆ. ಅದು ನಡೆಯುವುದು ಸಾಮಾನ್ಯವಾಗಿ ಫೋನು ಚಾರ್ಜಿನಲ್ಲಿ ಇದ್ದು, ವೈಫೈ ಸಿಕ್ಕು, ಯಾರೂ ಮುಟ್ಟದೆ ಎರಡು ಗಂಟೆ ಸುಮ್ಮನೆ ಬಿದ್ದಿರುವಾಗ. ನಮ್ಮ ಹಿರಿಯರ ಮನೆಯಲ್ಲಿ ವೈಫೈ ಇಲ್ಲ. ಆದ್ದರಿಂದ ಬ್ಯಾಕಪ್ ದಿನಾ ಆಗುತ್ತಿರಲಿಲ್ಲ. ಕೊನೆಯ ಬಾರಿ ಆದದ್ದು, ಬೇಸಗೆಯಲ್ಲಿ ಪುಣೆಯ ಮಗಳ ಮನೆಯಲ್ಲಿ ಹದಿನೈದು ದಿನ ಇದ್ದಾಗ ಇರಬೇಕು. ಆ ನಕಲಿನಲ್ಲಿ ಹೆಂಡತಿಯ ಮೆಸೇಜುಗಳೂ ಇದ್ದಿರಬೇಕು. ಭಾನುವಾರ ಅಳಿಸಿದಾಗ ಅದು ಭದ್ರವಾಗಿ ಅಲ್ಲಿಯೇ ಇತ್ತು. ಸೋಮವಾರ ಅವರು ನಮ್ಮೆದುರು ಕುಳಿತಿದ್ದಾಗಲೂ ಇತ್ತು. ಮಂಗಳವಾರ ರಾತ್ರಿ ಅಂಗಡಿಯಲ್ಲಿ ಫೋನು ಚಾರ್ಜಿಗೆ ಬಿತ್ತು, ಅಂಗಡಿಯ ವೈಫೈಗೆ ಸೇರಿತ್ತು, ಬೆಳಗಿನವರೆಗೆ ಯಾರೂ ಮುಟ್ಟಲಿಲ್ಲ. ಫೋನು ತನ್ನ ಕರ್ತವ್ಯವನ್ನು ಚಾಚೂತಪ್ಪದೆ ಮಾಡಿತು. ಹಳೆಯ ನಕಲಿನ ಮೇಲೆ ಹೊಸ ನಕಲು ಬಂತು. ಹೊಸದರಲ್ಲಿ ಆ ತಾಯಿಯ ಒಂದು ಸಾಲೂ ಇರಲಿಲ್ಲ. ನಾವು ಸೆಟ್ಟಿಂಗ್ಸಿನಲ್ಲಿ ನೋಡಿದಾಗ "ಕೊನೆಯ ಬ್ಯಾಕಪ್" ಎಂಬಲ್ಲಿ ಬುಧವಾರದ ಬೆಳಗಿನ ಜಾವದ ವೇಳೆ ಕಂಡಿತು. ನಾವು ಆಗ ಹಿರಿಯರ ಮುಖ ನೋಡಲಿಲ್ಲ.

ಅಂಗಡಿಯವರನ್ನು ದೂರಿ ಫಲವಿಲ್ಲ. ಕೊಡಿ ಎಂದವರು ನಾವು.

ಆದ್ದರಿಂದ ಮೆಸೇಜು ಅಳಿಸಿತೆಂದು ತಿಳಿದ ಕೂಡಲೇ ಮಾಡತಕ್ಕದ್ದು ಇದು: ವೈಫೈಯನ್ನೂ ಡೇಟಾವನ್ನೂ ಆರಿಸಿಬಿಡಿ. ಹೊಸ ಆ್ಯಪು ಹಾಕಬೇಡಿ, ಫೋಟೋ ತೆಗೆಯಬೇಡಿ, ವಿಡಿಯೋ ಇಳಿಸಬೇಡಿ. ಮೊದಲು ಮೆಸೇಜು ನಿಜವಾಗಿಯೂ ಅಳಿಸಿದೆಯೇ ನೋಡಿ. ಗೂಗಲಿನ ಮೆಸೇಜು ಆ್ಯಪಿನಲ್ಲಿ ಬೆರಳನ್ನು ಪಕ್ಕಕ್ಕೆ ಸರಿಸಿದರೆ ಮಾತುಕತೆಯು ಆರ್ಕೈವ್ ಎಂಬ ಅಟ್ಟಕ್ಕೆ ಹೋಗುವುದುಂಟು. ಅದು ಅಳಿಸಿದ್ದಲ್ಲ, ಮೆನುವಿನಲ್ಲಿ ಹುಡುಕಿದರೆ ಇರುತ್ತದೆ. ಸ್ಪ್ಯಾಮ್ ಎಂಬ ಮೂಲೆಯನ್ನೂ ನೋಡಿ. ಸ್ಯಾಮ್‌ಸಂಗ್ ಕಂಪನಿಯದೇ ಮೆಸೇಜು ಆ್ಯಪು ನಿಮ್ಮ ಫೋನಿನಲ್ಲಿ ಇದ್ದರೆ ಅದರಲ್ಲಿ ಕಸದ ಬುಟ್ಟಿ ಇದೆ. ಅಳಿಸಿದ್ದು ಅಲ್ಲಿ 30 ದಿನ ಕಾಯುತ್ತದೆ. ಐಫೋನಿನಲ್ಲಿ 2022ರಲ್ಲಿ ಬಂದ 16ನೆಯ ಆವೃತ್ತಿಯಿಂದ ಈಚೆಗೆ ಇಂಥದೇ "ಇತ್ತೀಚೆಗೆ ಅಳಿಸಿದ್ದು" ಎಂಬ ವಿಭಾಗವಿದೆ, ಅಲ್ಲಿಯೂ 30 ದಿನ. ಆದರೆ ಐಫೋನಿನವರು ತಿಳಿದಿರಬೇಕಾದದ್ದು ಒಂದಿದೆ. ಮೆಸೇಜುಗಳನ್ನು ಐಕ್ಲೌಡಿಗೆ ಜೋಡಿಸಿದ್ದರೆ ಒಂದು ಕಡೆ ಅಳಿಸಿದ್ದು ಎಲ್ಲ ಕಡೆಯೂ ಅಳಿಯುತ್ತದೆ. ಅದು ನಕಲಲ್ಲ, ಕನ್ನಡಿ.

ಇವೆಲ್ಲ ನೋಡಿಯೂ ಸಿಗದಿದ್ದರೆ ಬ್ಯಾಕಪ್ಪಿನ ದಿನಾಂಕ ನೋಡಿ. ಅಳಿಸಿದ ದಿನಕ್ಕಿಂತ ಹಿಂದಿನದಾಗಿದ್ದರೆ ನೀವು ಪುಣ್ಯವಂತರು. ಬ್ಯಾಕಪ್ಪನ್ನು ಅಲ್ಲಿಗೇ ನಿಲ್ಲಿಸಿ. ನಿಲ್ಲಿಸುವಾಗ, ಇರುವ ನಕಲನ್ನೂ ಅಳಿಸುವೆಯಾ ಎಂದು ಕೇಳಿದರೆ ಬೇಡವೆನ್ನಿ. ಆ ನಕಲಿನಿಂದ ಮೆಸೇಜು ಇಳಿಸುವುದು ಸಾಮಾನ್ಯವಾಗಿ ಫೋನನ್ನು ಹೊಸದಾಗಿ ಸಿದ್ಧಪಡಿಸುವಾಗ ಮಾತ್ರ. ಹಾಗೆಂದು ಇದ್ದ ಫೋನನ್ನೇ ಬರಿದು ಮಾಡಬೇಡಿ. ಮನೆಯಲ್ಲಿ ಇನ್ನೊಂದು ಖಾಲಿ ಆಂಡ್ರಾಯ್ಡ್ ಫೋನು ಇದ್ದರೆ ಅದನ್ನು ನಿಮ್ಮದೇ ಖಾತೆಯಿಂದ ಹೊಸದಾಗಿ ಆರಂಭಿಸಿ, ಹಳೆಯ ನಕಲನ್ನು ಅದರಲ್ಲಿ ಇಳಿಸಿಕೊಳ್ಳಬಹುದು. ನಕಲು ಮಾಡಿದ ಫೋನಿನ ಲಾಕ್ ಸಂಖ್ಯೆಯನ್ನು ಅದು ಕೇಳುವುದುಂಟು, ಮರೆಯದಿರಿ. ಇನ್ನೊಂದು ಎಚ್ಚರ: ಫೋನನ್ನು 57 ದಿನ ಬಳಸದೆ ಬಿಟ್ಟರೆ ಅದರ ನಕಲನ್ನು ಗೂಗಲು ಅಳಿಸಿಬಿಡಬಹುದು. ತೀರಿಕೊಂಡವರ ಫೋನನ್ನು ದುಃಖದಲ್ಲಿ ಕಪಾಟಿನಲ್ಲಿಟ್ಟು ವರ್ಷಾಂತಿಕಕ್ಕೆ ತೆಗೆಯುವವರು ಇದನ್ನು ಗಮನಿಸಬೇಕು.

ನಮ್ಮ ಹಿರಿಯರ ಮಾತಿಗೆ ಬರೋಣ. ಬ್ಯಾಕಪ್ಪು ಹೋಯಿತೆಂದು ತಿಳಿದ ಮೇಲೆ ನಮ್ಮಲ್ಲಿ ಒಬ್ಬರಿಗೆ ಹೊಳೆಯಿತು: ಮೆಸೇಜಿಗೆ ಎರಡು ತುದಿಗಳಿವೆ. ಬಂದದ್ದು ಇಲ್ಲಿ ಅಳಿಸಿದರೆ ಕಳಿಸಿದ್ದು ಅಲ್ಲಿ ಇರುತ್ತದೆ. ಅಮ್ಮನವರ ಫೋನು ಎಲ್ಲಿ? ಅದನ್ನು ಮರುವರ್ಷವೇ ಕೆಲಸದಾಕೆಯ ಮಗಳಿಗೆ ಶಾಲೆಯ ಪಾಠಕ್ಕೆಂದು ಕೊಟ್ಟಿದ್ದರಂತೆ, ರೀಸೆಟ್ ಮಾಡಿ. ರೀಸೆಟ್ ಮಾಡಿದರೆ ಗುಪ್ತಲಿಪಿಯ ಕೀಲಿಯೇ ನಾಶವಾಗುತ್ತದೆ. ಅದರಿಂದ ತೆಗೆಯುವ ಮಾತೇ ಇಲ್ಲ. ಒಳ್ಳೆಯ ಕೆಲಸಕ್ಕೆ ಕೊಟ್ಟದ್ದು, ಆ ಹುಡುಗಿ ಓದುತ್ತಿದ್ದಾಳೆ. ಅದರ ಬಗ್ಗೆ ಅವರಿಗೆ ಬೇಸರವಿಲ್ಲ.

ಕಂಪನಿಯವರಲ್ಲಿ ಇರಬೇಕಲ್ಲ ಎಂದು ಇನ್ನೊಬ್ಬರೆಂದರು. ಇದು ಬಹಳ ಜನರ ತಪ್ಪು ತಿಳುವಳಿಕೆ. ಯಾವ ಸಂಖ್ಯೆಯಿಂದ ಯಾವ ಸಂಖ್ಯೆಗೆ ಎಷ್ಟು ಹೊತ್ತಿಗೆ ಹೋಯಿತೆಂಬ ಲೆಕ್ಕವನ್ನು ಟೆಲಿಫೋನು ಕಂಪನಿಗಳು ಇಟ್ಟುಕೊಳ್ಳಬೇಕೆಂದು ನಮ್ಮ ದೇಶದ ಲೈಸೆನ್ಸಿನ ಕರಾರಿದೆ; 2021ರ ಡಿಸೆಂಬರಿನಲ್ಲಿ ಆ ಅವಧಿಯನ್ನು ಎರಡು ವರ್ಷಕ್ಕೆ ಏರಿಸಿದರು. ಆದರೆ ಅದು ಲಕೋಟೆಯ ಮೇಲಿನ ವಿಳಾಸ ಮಾತ್ರ, ಒಳಗಿನ ಒಕ್ಕಣೆಯಲ್ಲ. ಮೆಸೇಜು ತಲುಪುವ ತನಕ ಅವರ ಯಂತ್ರದಲ್ಲಿ ಕಾದಿರುತ್ತದೆ; ತಲುಪಿತೆಂದರೆ ಅದನ್ನು ಇಟ್ಟುಕೊಳ್ಳುವ ಕೆಲಸ ಅವರದಲ್ಲ. 1992ರ ಡಿಸೆಂಬರ್ 3ರಂದು ಇಂಗ್ಲೆಂಡಿನಲ್ಲಿ ಮೊತ್ತಮೊದಲ ಮೆಸೇಜಾಗಿ ಕ್ರಿಸ್‌ಮಸ್ ಶುಭಾಶಯ ಹೋದಾಗಿನಿಂದಲೂ ಅದರ ಕಲ್ಪನೆಯೇ ಇಂಥದು: ಚಿಕ್ಕದು, ಒಮ್ಮೆ ಮುಟ್ಟಿಸಿ ಮರೆಯುವುದು. ಇಂಗ್ಲಿಷಿನಲ್ಲಾದರೆ 160 ಅಕ್ಷರ. ಕನ್ನಡ ಲಿಪಿಯಲ್ಲಾದರೆ 70, ಅದರಲ್ಲೂ ಒತ್ತು, ಗುಣಿತ ಎಲ್ಲಕ್ಕೂ ಬೇರೆ ಲೆಕ್ಕ. "ಕನ್ನಡ" ಎಂಬ ಮೂರಕ್ಷರಕ್ಕೇ ಐದು ಖರ್ಚಾಗುತ್ತದೆ. ನಮ್ಮ ತಾಯಂದಿರು ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದರೆಂದು ಯಾರೂ ನಗಬೇಡಿ. ಇದ್ದ ಜಾಗದಲ್ಲಿ ಸಂಸಾರ ಮಾಡುವುದು ಮುಂಬಯಿಯವರಿಗೆ ಹೊಸದಲ್ಲ.

ಕೊನೆಗೆ ಸಿಕ್ಕಿದ್ದು ಎಲ್ಲಿ ಗೊತ್ತೇ? ಹಿರಿಯರ ಮನೆಯ ಕಪಾಟಿನಲ್ಲಿ, ವಿದ್ಯುತ್ ಬಿಲ್ಲುಗಳ ಕೆಳಗೆ. 2016ರಲ್ಲಿ ಕೊಂಡ ಅವರ ಮೊದಲ ಸ್ಮಾರ್ಟ್‌ಫೋನು ಅಲ್ಲಿತ್ತು. 2020ರ ಜನವರಿಯಲ್ಲಿ ಹೊಸ ಫೋನು ತಂದಾಗ ಮಗಳು ಹಳೆಯದರಲ್ಲಿದ್ದುದನ್ನೆಲ್ಲ ಹೊಸದಕ್ಕೆ ನಕಲು ಮಾಡಿಕೊಟ್ಟಿದ್ದಳು. ಹಳೆಯದನ್ನು ಬರಿದು ಮಾಡಿರಲಿಲ್ಲ, ಮಾರಿಯೂ ಇರಲಿಲ್ಲ. ನೂರಿನ್ನೂರು ರೂಪಾಯಿಗೆ ಏಕೆ ಕೊಡಬೇಕೆಂಬ ನಮ್ಮವರ ಜಿಪುಣತನವೇ ಇಲ್ಲಿ ಕಾಪಾಡಿತು. ಚಾರ್ಜಿಗೆ ಹಾಕಿ ಅರ್ಧ ಗಂಟೆ ಏನೂ ಕಾಣಲಿಲ್ಲ. ಬಳಿಕ ತೆರೆ ಬೆಳಗಿತು. ಸಿಮ್ ಹಾಕಲಿಲ್ಲ, ವೈಫೈಗೆ ಸೇರಿಸಲಿಲ್ಲ. ಮೆಸೇಜು ತೆರೆದೆವು: "ಬರುವಾಗ ಹಾಲು."

ಯಾವ ಆ್ಯಪನ್ನೂ ಹಾಕದೆ ಮೊದಲು ಇನ್ನೊಂದು ಫೋನಿನಿಂದ ಪರದೆ ಪರದೆಯಾಗಿ ಫೋಟೋ ತೆಗೆದೆವು. ನಮ್ಮಲ್ಲಿ ಮೂವರು ಸರದಿಯ ಮೇಲೆ ಕುಳಿತೆವು. ಅನಂತರವೇ ಎಸ್‌ಎಂಎಸ್ ಬ್ಯಾಕಪ್ ಆ್ಯಂಡ್ ರಿಸ್ಟೋರ್ ಎಂಬ ಆ್ಯಪಿನಿಂದ ಎಲ್ಲವನ್ನೂ ಒಂದು ಫೈಲಿಗೆ ಇಳಿಸಿ, ಮಗಳ ಈಮೇಲಿಗೂ ಒಂದು ಪ್ರತಿ ಕಳಿಸಿ, ಝೆರಾಕ್ಸ್ ಅಂಗಡಿಯಲ್ಲಿ ಮುದ್ರಿಸಿ ಸುರುಳಿ ಬೈಂಡು ಮಾಡಿಸಿದೆವು.

ಸಿಕ್ಕಿದ್ದು 2020ರ ಜನವರಿಯವರೆಗಿನದು ಮಾತ್ರ. ಆಮೇಲೆ ಲಾಕ್‌ಡೌನು ಬಂತು. ಇಬ್ಬರೂ ಎರಡು ಕೋಣೆಯ ಮನೆಯಲ್ಲಿ ಎದುರೆದುರೇ ಇದ್ದಾಗ ಮೆಸೇಜು ಯಾರು ಯಾರಿಗೆ ಕಳಿಸುವುದು? ಆದ್ದರಿಂದ ಆ ವರ್ಷದ ನಷ್ಟ ದೊಡ್ಡದಲ್ಲ. ಆದರೆ 2021ರಲ್ಲಿ ಆಸ್ಪತ್ರೆಯ ಹಾಸಿಗೆಯಿಂದ ಕಳಿಸಿದ ಏಳೆಂಟು ಸಾಲುಗಳಿದ್ದವು. ಅವು ಹೋದವು. ಇಂದಿನ ಯಾವ ಅಂಗಡಿಯೂ ಅವನ್ನು ತರಲಾರದು. ಹಿರಿಯರು ತಮಗೆ ನೆನಪಿದ್ದಷ್ಟನ್ನು ಬೈಂಡಿನ ಕೊನೆಯ ಹಾಳೆಯಲ್ಲಿ ಕೈಯಿಂದ ಬರೆದುಕೊಂಡಿದ್ದಾರೆ. ನಾವು ಅದನ್ನು ಓದಿಲ್ಲ.

ಇಷ್ಟು ಹೇಳಿದ ಮೇಲೆ ಮೋಸದ ಮಾತನ್ನೂ ಹೇಳಬೇಕು. "ಅಳಿಸಿದ್ದನ್ನು ನೂರಕ್ಕೆ ನೂರು ಮರಳಿಸುತ್ತೇವೆ" ಎಂದು ಜಾಹೀರಾತು ಹಾಕುವವರು ಬಹಳ. ಕೆಲವರು ಬರೀ ದುಡ್ಡು ತಿನ್ನುತ್ತಾರೆ. ಕೆಲವರು ಪರದೆ ತೋರಿಸುವ ಆ್ಯಪು ಹಾಕಿಸಿ, ನಮ್ಮ ಓಟಿಪಿಗಳನ್ನೂ ಬ್ಯಾಂಕಿನ ಮೆಸೇಜುಗಳನ್ನೂ ತಾವು ಕುಳಿತಲ್ಲಿಂದಲೇ ಓದುತ್ತಾರೆ. ಮೆಸೇಜು ಓದುವ ಅನುಮತಿಯನ್ನು ಅಪರಿಚಿತ ಆ್ಯಪಿಗೆ ಕೊಡುವುದೆಂದರೆ ತಿಜೋರಿಯ ಕೀಲಿ ಕೊಟ್ಟಂತೆಯೇ. ದುಡ್ಡು ಹೋಯಿತೆಂದು ತಿಳಿದರೆ ತಡಮಾಡದೆ 1930 ಸಂಖ್ಯೆಗೆ ಫೋನು ಮಾಡಿ. ಮೆಸೇಜು ಕೋರ್ಟಿಗೆ ಬೇಕಾದದ್ದಾದರೆ ಫೋನನ್ನು ಮುಟ್ಟದೆ ವಕೀಲರ ಬಳಿ ಒಯ್ಯಿರಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನಂತೆ ಇಂಥ ದಾಖಲೆಗೆ ಪ್ರಮಾಣಪತ್ರ ಬೇಕಾಗುತ್ತದೆ. ರಿಪೇರಿ ಅಂಗಡಿಯ ಕೈಯಾಡಿದ ಫೋನು ಎದುರಾಳಿಯ ವಕೀಲರಿಗೆ ಹಬ್ಬ.

ಬರುವ ಭಾನುವಾರ ಬೆಳಿಗ್ಗೆ 10ರಿಂದ 1ರವರೆಗೆ ವಾಚನಾಲಯದ ಹಿಂಬದಿಯ ಕೋಣೆಯಲ್ಲಿ ನಾವು ನಾಲ್ವರು ಕುಳಿತಿರುತ್ತೇವೆ. ಮೆಸೇಜುಗಳ ಪ್ರತಿ ತೆಗೆದಿಡಬೇಕೆನ್ನುವವರು ಫೋನು, ಚಾರ್ಜರು, ಗೂಗಲ್ ಖಾತೆಯ ಪಾಸ್‌ವರ್ಡು ತರಬೇಕು. ಪಾಸ್‌ವರ್ಡನ್ನು ನೀವೇ ಒತ್ತಿ, ನಮಗೆ ಹೇಳಬೇಡಿ. ನಿಮ್ಮ ಮೆಸೇಜುಗಳನ್ನು ನಾವು ಓದುವುದಿಲ್ಲ. ಕಪಾಟಿನಲ್ಲಿ ಹಳೆಯ ಫೋನು ಇದ್ದರೆ ಚಾರ್ಜಿಗೆ ಹಾಕದೆ ಹಾಗೆಯೇ ತನ್ನಿ, ಬ್ಯಾಟರಿ ಉಬ್ಬಿದೆಯೇ ಎಂದು ಮೊದಲು ನೋಡೋಣ. ಚಹದ ವ್ಯವಸ್ಥೆಯನ್ನು ನಮ್ಮ ಹಿರಿಯರೇ ವಹಿಸಿಕೊಂಡಿದ್ದಾರೆ. ಹಾಲು ತರುವುದನ್ನು ತಾವು ಮರೆಯುವುದಿಲ್ಲವೆಂದು ಹೇಳಿದ್ದಾರೆ.